ಫ್ರಾಂಕ್ ಫಾರಿಯನ್: ಬೋನಿ ಎಂ. ಮತ್ತು ಮಿಲಿ ವನಿಲಿ ಹಿಂದಿದ್ದ ಮನುಷ್ಯ – ಪದೇ ಪದೇ ಕೇಳುವ ಪ್ರಶ್ನೆಗಳು

‘ಡ್ಯಾಡಿ ಕೂಲ್’, ‘ರಾಸ್ಪುಟಿನ್’, ‘ರಿವರ್ಸ್ ಆಫ್ ಬ್ಯಾಬಿಲಾನ್’ ಹಾಡುಗಳನ್ನು ಒಮ್ಮೆಯೂ ಕೇಳದವರು ಕಡಿಮೆ. ಹಾಡಿನ ಹೆಸರು ಗೊತ್ತಿಲ್ಲದವರಿಗೂ ರಾಗ ಗೊತ್ತಿರುತ್ತದೆ. ಆದರೆ ಆ ಹಾಡುಗಳಲ್ಲಿ ಬಾವಿಯ ತಳದಿಂದ ಬಂದಂತೆ ಕೇಳಿಸುವ ಗಂಡು ಧ್ವನಿ ಯಾರದು ಎಂದು ಕೇಳಿ ನೋಡಿ. ಹೆಚ್ಚಿನವರು ವೇದಿಕೆಯ ಮೇಲೆ ಹುಚ್ಚೆದ್ದು ಕುಣಿಯುತ್ತಿದ್ದ ಬಾಬಿ ಫಾರೆಲ್ ಹೆಸರು ಹೇಳುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ. ಆ ಧ್ವನಿ ಜರ್ಮನಿಯ ಫ್ರಾಂಕ್ ಫಾರಿಯನ್ ಅವರದು ಎಂದು ತಿಳಿದ ಮೇಲೆ ಅವರ ಕೆಲಸವನ್ನೆಲ್ಲ ಹುಡುಕಿ ಕೇಳಿದೆ. ಈ ವಿಷಯ ಬಂದಾಗಲೆಲ್ಲ ಗೆಳೆಯರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಫ್ರಾಂಕ್ ಫಾರಿಯನ್ ಯಾರು?

ಹುಟ್ಟುಹೆಸರು ಫ್ರಾಂಟ್ಸ್ ರಾಯ್ಟರ್. ಜನನ 1941ರ ಜುಲೈ 18ರಂದು, ಜರ್ಮನಿಯ ನೈಋತ್ಯ ಭಾಗದ ಕಿರ್ನ್ ಎಂಬ ಸಣ್ಣ ಊರಿನಲ್ಲಿ. ಗಾಯಕ, ಗೀತರಚನೆಕಾರ, ಸಂಗೀತ ಸಂಯೋಜಕ, ಎಲ್ಲಕ್ಕಿಂತ ಹೆಚ್ಚಾಗಿ ಮ್ಯೂಸಿಕ್ ಪ್ರೊಡ್ಯೂಸರ್. ಬೋನಿ ಎಂ., ಇರಪ್ಶನ್, ಮಿಲಿ ವನಿಲಿ, ಲಾ ಬೂಶ್, ನೋ ಮರ್ಸಿ ತಂಡಗಳು ಜಗತ್ತಿಗೆ ಗೊತ್ತಾದದ್ದು ಅವರ ಮೂಲಕ. 2024ರ ಜನವರಿ 23ರಂದು ಅಮೆರಿಕದ ಮಯಾಮಿಯಲ್ಲಿ, 82ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮ್ಯೂಸಿಕ್ ಪ್ರೊಡ್ಯೂಸರ್ ಎಂದರೆ ನಮ್ಮ ಸಿನಿಮಾ ನಿರ್ಮಾಪಕರ ಹಾಗೆಯೇ?

ಅಲ್ಲ. ಕನ್ನಡದಲ್ಲಿ ನಿರ್ಮಾಪಕ ಎಂದೊಡನೆ ಹಣ ಹಾಕುವವರು ಕಣ್ಣ ಮುಂದೆ ಬರುತ್ತಾರೆ. ಹಾಗಾಗಿಯೇ ಈ ಪದವನ್ನು ಇಲ್ಲಿ ಬಳಸಲು ನನಗೆ ಇಷ್ಟವಿಲ್ಲ. ರೆಕಾರ್ಡಿಂಗ್ ಲೋಕದ ಪ್ರೊಡ್ಯೂಸರ್ ನಮ್ಮ ಚಿತ್ರ ನಿರ್ದೇಶಕರಿಗೆ ಹೆಚ್ಚು ಹತ್ತಿರ. ಯಾವ ಹಾಡು, ಯಾವ ಲಯದಲ್ಲಿ, ಯಾರ ಕಂಠದಲ್ಲಿ, ಯಾವ ವಾದ್ಯ ಎಲ್ಲಿ ಬರಬೇಕು, ಹಾಡಿದ ಹತ್ತು ಸರದಿಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಕೊನೆಗೆ ಎಲ್ಲವನ್ನೂ ಎಷ್ಟೆಷ್ಟು ಪ್ರಮಾಣದಲ್ಲಿ ಬೆರೆಸಬೇಕು ಎಂಬ ತೀರ್ಮಾನಗಳೆಲ್ಲ ಅವರದೇ. ಫಾರಿಯನ್ ಇದರ ಜೊತೆಗೆ ಸ್ವತಃ ಬರೆಯುತ್ತಿದ್ದರು, ಹಾಡುತ್ತಿದ್ದರು. ತಂಡದಲ್ಲಿ ಯಾರಿರಬೇಕು ಎಂಬುದನ್ನೂ ಅವರೇ ಗೊತ್ತುಮಾಡುತ್ತಿದ್ದರು. ಅವರ ಏಳಿಗೆ ಮತ್ತು ಅಪಕೀರ್ತಿ ಎರಡಕ್ಕೂ ಬೇರು ಇಲ್ಲೇ ಇದೆ.

ಅವರು ಅಡುಗೆಯವರಾಗಿದ್ದರಂತೆ, ನಿಜವೇ?

ನಿಜ, ಅಡುಗೆ ಕೆಲಸದಲ್ಲಿ ತರಬೇತಿ ಪಡೆದಿದ್ದರು. ತಂದೆ ಎರಡನೆಯ ಮಹಾಯುದ್ಧದಲ್ಲಿ ಸತ್ತಿದ್ದರಿಂದ ತಾಯಿಯ ಆಸರೆಯಲ್ಲೇ ಬೆಳೆದ ಹುಡುಗ ಅವರು. ಯುದ್ಧ ಮುಗಿದ ಮೇಲಿನ ಪಶ್ಚಿಮ ಜರ್ಮನಿಯಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಮತ್ತು ಕಪ್ಪು ಗಾಯಕರ ಸೋಲ್ ಸಂಗೀತ ಹರಿದು ಬಂದಾಗ ಅದಕ್ಕೆ ಮರುಳಾದವರಲ್ಲಿ ಅವರೂ ಒಬ್ಬರು. 1960ರ ದಶಕದಲ್ಲಿ ತಂಡ ಕಟ್ಟಿಕೊಂಡು ಹಾಡಿದರು. ಆದರೆ ಜರ್ಮನಿಯ ಮಾರುಕಟ್ಟೆಗೆ ಬೇಕಾಗಿದ್ದದ್ದು ‘ಶ್ಲಾಗರ್’, ಅಂದರೆ ಜರ್ಮನ್ ಭಾಷೆಯ ಹಗುರವಾದ ಭಾವಗೀತೆ. ಅದನ್ನೂ ಹಾಡಿದರು. 1976ರಲ್ಲಿ ಅವರು ಹಾಡಿದ ‘ರಾಕಿ’, ಒಂದು ಅಮೆರಿಕನ್ ಹಾಡಿನ ಜರ್ಮನ್ ರೂಪ, ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ಬೋನಿ ಎಂ.ನ ‘ಡ್ಯಾಡಿ ಕೂಲ್’ ಕೂಡ ಅದೇ ಪಟ್ಟಿಯ ತುದಿಗೇರಿತು. ಒಬ್ಬನೇ ಮನುಷ್ಯ ಒಂದೇ ವರ್ಷದಲ್ಲಿ ಎರಡು ಸಲ ಅಲ್ಲಿ ನಿಂತ, ಒಮ್ಮೆ ತನ್ನ ಮುಖದೊಂದಿಗೆ, ಇನ್ನೊಮ್ಮೆ ಬೇರೆಯವರ ಮುಖದ ಹಿಂದೆ. ಎರಡನೆಯ ದಾರಿಯೇ ಅವರಿಗೆ ಹಿಡಿಸಿತು.

ಬೋನಿ ಎಂ. ಹುಟ್ಟಿದ್ದು ಹೇಗೆ?

ತಂಡ ಹುಟ್ಟುವ ಮೊದಲೇ ಹಾಡು ಹುಟ್ಟಿತ್ತು. 1974ರ ಕೊನೆಯ ಹೊತ್ತಿಗೆ ಫಾರಿಯನ್ ‘ಬೇಬಿ ಡು ಯು ವಾನಾ ಬಂಪ್’ ಎಂಬ ಕುಣಿತದ ಹಾಡನ್ನು ಧ್ವನಿಮುದ್ರಿಸಿದರು. ಅದರಲ್ಲಿ ಕೆಳಗಿನ ಗಡಸು ಧ್ವನಿಯೂ ಅವರದೇ, ಮೇಲಿನ ಕೀರಲು ಧ್ವನಿಯೂ ಅವರದೇ. ಶ್ಲಾಗರ್ ಗಾಯಕನ ಹೆಸರಿನಲ್ಲಿ ಇಂಥ ಹಾಡು ನಡೆಯುವುದಿಲ್ಲ. ಹಾಗಾಗಿ ಬೇರೆ ಹೆಸರು ಬೇಕಾಯಿತು. ಆಗ ಟೆಲಿವಿಷನ್‌ನಲ್ಲಿ ಬರುತ್ತಿದ್ದ ‘ಬೋನಿ’ ಎಂಬ ಆಸ್ಟ್ರೇಲಿಯಾದ ಪತ್ತೇದಾರಿ ಧಾರಾವಾಹಿಯಿಂದ ಹೆಸರು ತೆಗೆದುಕೊಂಡು ಮುಂದೆ ‘ಎಂ.’ ಸೇರಿಸಿದರು.

ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಹಾಡು ಓಡತೊಡಗಿದಾಗ ಟೆಲಿವಿಷನ್ ಮತ್ತು ಡಿಸ್ಕೋಗಳಿಂದ ‘ಬೋನಿ ಎಂ. ಅನ್ನು ಕಳುಹಿಸಿ’ ಎಂದು ಕರೆ ಬಂತು. ಕಳುಹಿಸಲು ಯಾರೂ ಇರಲಿಲ್ಲ. ಆಗ ಜನರನ್ನು ಹುಡುಕಿದರು. ಒಂದೆರಡು ಬದಲಾವಣೆಗಳ ನಂತರ ನಾಲ್ವರು ನಿಂತರು: ಜಮೈಕಾ ಮೂಲದ ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್, ಮಾಂಟ್‌ಸೆರಾಟ್ ದ್ವೀಪದ ಮೇಜಿ ವಿಲಿಯಮ್ಸ್, ಅರೂಬಾ ದ್ವೀಪದ ಬಾಬಿ ಫಾರೆಲ್. ನಾಲ್ವರೂ ಕೆರಿಬಿಯನ್ ಮಣ್ಣಿನವರು, ಯುರೋಪಿನಲ್ಲಿ ಬದುಕು ಅರಸುತ್ತಿದ್ದವರು.

ಹಾಗಾದರೆ ಆ ಹಾಡುಗಳನ್ನು ನಿಜವಾಗಿ ಹಾಡಿದವರು ಯಾರು?

ಧ್ವನಿಮುದ್ರಿಕೆಗಳಲ್ಲಿ ಹೆಣ್ಣು ಧ್ವನಿ ಬಹುಪಾಲು ಲಿಜ್ ಮಿಚೆಲ್ ಅವರದು, ಜೊತೆಗೆ ಮಾರ್ಸಿಯಾ ಬ್ಯಾರೆಟ್. ‘ಬೆಲ್‌ಫಾಸ್ಟ್’ ಹಾಡಿನಲ್ಲಿ ಮುಖ್ಯ ಕಂಠ ಮಾರ್ಸಿಯಾ ಅವರದೇ. ಗಂಡು ಧ್ವನಿ ಫಾರಿಯನ್. ಮೇಜಿ ಮತ್ತು ಬಾಬಿ ಸ್ಟುಡಿಯೋದಲ್ಲಿ ಹಾಡಿದವರಲ್ಲ. ಸಭೆಯ ಮುಂದಿನ ಕಾರ್ಯಕ್ರಮಗಳಲ್ಲಿ ಮಾತ್ರ ಹಾಡುತ್ತಿದ್ದರು.

ಇದನ್ನು ಹೇಳಿದಾಗ ಬಾಬಿ ಫಾರೆಲ್ ಬಗ್ಗೆ ಕೆಲವರು ತುಚ್ಛವಾಗಿ ಮಾತನಾಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ‘ರಾಸ್ಪುಟಿನ್’ ಹಾಡಿನ ಹಳೆಯ ವಿಡಿಯೋ ಒಂದನ್ನು ಧ್ವನಿ ಪೂರ್ತಿ ತೆಗೆದು ನೋಡಿ. ಹಾಡೇ ಇಲ್ಲದಿದ್ದರೂ ಆ ಮನುಷ್ಯನ ಮೈಯಲ್ಲಿ ತಾಳ ಕಾಣುತ್ತದೆ. ಅವರು ಮಾಡಿದ ಕೆಲಸ ಅವರೇ ಮಾಡಿದ್ದು. ಅದಕ್ಕೆ ಇಟ್ಟ ಹೆಸರು ಮಾತ್ರ ತಪ್ಪಾಗಿತ್ತು.

ಆ ಧ್ವನಿಮುದ್ರಣಗಳಲ್ಲಿ ಅಂಥ ವಿಶೇಷವೇನಿದೆ?

ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ‘ಡ್ಯಾಡಿ ಕೂಲ್’ ಶುರುವಿನ ಕೆಲವು ಸೆಕೆಂಡ್ ಕೇಳಿ. ಟಿಕ್ ಟಿಕ್ ಎಂದು ಒಂದು ವಿಚಿತ್ರ ಸದ್ದು ಬರುತ್ತದೆ, ಯಾವ ವಾದ್ಯವೆಂದು ಗುರುತಿಸಲಾಗದು. ಅದು ವಾದ್ಯವಲ್ಲ. ಫಾರಿಯನ್ ತಮ್ಮ ಹಲ್ಲಿಗೆ ಪೆನ್ಸಿಲ್ ತಾಕಿಸಿ ಹೊರಡಿಸಿದ ಸದ್ದು. ನೀವೂ ಒಂದು ಪೆನ್ಸಿಲ್ ತೆಗೆದುಕೊಂಡು ಬಾಯಿ ಅರೆತೆರೆದು ಹಲ್ಲಿನ ಮೇಲೆ ಆಡಿಸಿ ನೋಡಿ: ಬಾಯಿಯ ಆಕಾರ ಬದಲಾದಂತೆ ಸ್ವರ ಏರುತ್ತದೆ, ಇಳಿಯುತ್ತದೆ. ನಮ್ಮ ಮೋರ್ಚಿಂಗ್ ಬಾರಿಸುವವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು, ಬಾಯಿಯೇ ಅಲ್ಲಿ ಬುರುಡೆ. ಬೆಲೆಬಾಳುವ ಯಂತ್ರಗಳ ನಡುವೆ ಕುಳಿತು ಒಂದು ಪೆನ್ಸಿಲ್ಲಿನಲ್ಲಿ ಹಾಡಿನ ಗುರುತನ್ನು ಕಂಡುಕೊಂಡ ಕಿವಿ ಅದು. ಅವರನ್ನು ನಾನು ದೊಡ್ಡ ಕಲಾವಿದ ಎನ್ನುವುದಕ್ಕೆ ಇಂಥ ಕಡೆಗಳೇ ಕಾರಣ.

ಇನ್ನೊಂದು ವಿಶೇಷ ಧ್ವನಿಗಳ ಪದರ. ಅನೇಕ ಟ್ರ್ಯಾಕುಗಳ ಟೇಪಿನ ಮೇಲೆ ಒಂದೇ ಕಂಠವನ್ನು ಮತ್ತೆ ಮತ್ತೆ ಹಾಡಿಸಿ, ಒಂದರ ಮೇಲೊಂದು ಕೂರಿಸುತ್ತಿದ್ದರು. ಇಬ್ಬರು ಹಾಡಿದ್ದು ದೊಡ್ಡ ವೃಂದದಂತೆ ಕೇಳಿಸುವುದು ಹೀಗೆ. ಪ್ರತಿ ಸಲ ಉಸಿರು, ಉಚ್ಚಾರ ಕೂದಲೆಳೆಯಷ್ಟು ಬೇರೆಯಾಗುವುದರಿಂದ ಧ್ವನಿ ದಪ್ಪವಾಗುತ್ತದೆ. ಅದನ್ನು ಯಂತ್ರದಿಂದ ನಕಲು ಮಾಡಿದರೆ ಆ ಬಿಸುಪು ಬರುವುದಿಲ್ಲ. ಇದರ ಅಡಿಗೆ ಗಟ್ಟಿ ಡ್ರಮ್ಸ್. ಡಿಸ್ಕೋ ಕಾಲದ ಮ್ಯೂನಿಕ್‌ನ ಹೆಸರಾಂತ ಡ್ರಮ್ಮರ್ ಕೀತ್ ಫೋರ್ಸಿ ಬೋನಿ ಎಂ. ಧ್ವನಿಮುದ್ರಣಗಳಲ್ಲಿ ನುಡಿಸಿದವರು.

ಆ ರಾಗಗಳೆಲ್ಲ ಅವರ ಸ್ವಂತದ್ದೇ?

ಎಲ್ಲವೂ ಅಲ್ಲ. ‘ಡ್ಯಾಡಿ ಕೂಲ್’ ಫಾರಿಯನ್ ಮತ್ತು ಜಾರ್ಜ್ ರೆಯಾಮ್ ಸೇರಿ ಬರೆದದ್ದು. (ರೆಯಾಮ್ ಎಂಬುದು ಮೇಯರ್ ಎಂಬ ಅಡ್ಡಹೆಸರನ್ನು ತಿರುಗಿಸಿ ಇಟ್ಟುಕೊಂಡದ್ದು.) ‘ಸನಿ’ 1966ರಲ್ಲಿ ಬಾಬಿ ಹೆಬ್ ಹಾಡಿ ಹೆಸರಾಗಿದ್ದ ಹಾಡು. ‘ಮಾ ಬೇಕರ್’ ರಾಗಕ್ಕೆ ಟ್ಯುನೀಷಿಯಾದ ಜನಪದ ಗೀತೆಯೊಂದು ಮೂಲ. ‘ರಾಸ್ಪುಟಿನ್’ ರಾಗ ಟರ್ಕಿಯ ‘ಕಾತಿಬಿಮ್’ ಎಂಬ ಹಳೆಯ ಹಾಡಿಗೆ ಎಷ್ಟು ಹತ್ತಿರವಿದೆ ಎಂಬುದು ಎರಡನ್ನೂ ಒಂದರ ಹಿಂದೆ ಒಂದು ಕೇಳಿದವರಿಗೆ ತಾನಾಗಿ ತಿಳಿಯುತ್ತದೆ.

‘ರಿವರ್ಸ್ ಆಫ್ ಬ್ಯಾಬಿಲಾನ್’ ಕಥೆ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. 1970ರಲ್ಲಿ ಜಮೈಕಾದ ಮೆಲೋಡಿಯನ್ಸ್ ತಂಡ ಅದನ್ನು ಮೊದಲು ಹಾಡಿತು, ಬರೆದವರು ಬ್ರೆಂಟ್ ಡೋ ಮತ್ತು ಟ್ರೆವರ್ ಮೆಕ್‌ನಾಟನ್. ಸಾಹಿತ್ಯಕ್ಕೆ ಆಧಾರ ಬೈಬಲಿನ 137ನೆಯ ಕೀರ್ತನೆ: ಸೆರೆಯಾಳುಗಳಾಗಿ ಒಯ್ಯಲ್ಪಟ್ಟ ಜನ ಬಾಬೆಲಿನ ನದಿಗಳ ಬಳಿ ಕುಳಿತು ತಮ್ಮ ನಾಡನ್ನು ನೆನೆದು ಅಳುವ ಹಾಡು. ಗುಲಾಮರಾಗಿ ಆಫ್ರಿಕಾದಿಂದ ಒಯ್ಯಲ್ಪಟ್ಟವರ ಮೊಮ್ಮಕ್ಕಳಿಗೆ, ಅದರಲ್ಲೂ ಜಮೈಕಾದಲ್ಲಿ ಹುಟ್ಟಿದ ರಾಸ್ತಾಫಾರಿ ಎಂಬ ಧಾರ್ಮಿಕ ಪಂಥದವರಿಗೆ, ಅದು ತಮ್ಮದೇ ಕಥೆ. ಮೂಲದಲ್ಲಿ ಆ ಪಂಥದ ಮಾತುಗಳಿದ್ದವು. ಬೋನಿ ಎಂ. ರೂಪದಲ್ಲಿ ಅವು ಹೋಗಿ ಬೈಬಲಿನ ಮಾತು ಮರಳಿ ಬಂತು, ಬಡಿತ ಹಗುರಾಯಿತು. 1978ರಲ್ಲಿ ಬ್ರಿಟನ್‌ನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಆಮೇಲೆ ರೇಡಿಯೋದವರು ಅದೇ ರೆಕಾರ್ಡನ್ನು ಮಗುಚಿ ಹಾಕಿ ‘ಬ್ರೌನ್ ಗರ್ಲ್ ಇನ್ ದ ರಿಂಗ್’ ನುಡಿಸತೊಡಗಿದರು. ಜಮೈಕಾದ ಮಕ್ಕಳ ಆಟದ ಹಾಡು ಅದು, ಅದೂ ಎರಡನೆಯ ಸ್ಥಾನಕ್ಕೆ ಬಂತು. ಆ ಒಂದು ರೆಕಾರ್ಡ್ ಬ್ರಿಟನ್‌ನಲ್ಲೇ 20 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅಳುವ ಹಾಡನ್ನು ಕುಣಿಯುವ ಹಾಡಾಗಿಸಿದ್ದಕ್ಕೆ ಫಾರಿಯನ್ ಅವರನ್ನು ದೂರುವವರಿದ್ದಾರೆ. ಆ ದೂರಿನಲ್ಲಿ ಹುರುಳಿದೆ. ಆದರೂ ಲಿಜ್ ಮಿಚೆಲ್ ಕಂಠ ಮೊದಲ ಗುನುಗಿನಲ್ಲೇ ಆ ಅಳುವನ್ನು ಉಳಿಸಿಕೊಂಡಿದೆ ಎಂದು ನನಗೆ ಅನ್ನಿಸುತ್ತದೆ. ಅಷ್ಟು ಜಾಗವನ್ನು ಅವರಿಗೆ ಬಿಟ್ಟುಕೊಟ್ಟವರೂ ಫಾರಿಯನ್ ಅವರೇ.

ಅದೇ ವರ್ಷದ ಕೊನೆಗೆ ‘ಮೇರಿಸ್ ಬಾಯ್ ಚೈಲ್ಡ್’ ಬಂತು, ಬ್ರಿಟನ್‌ನಲ್ಲಿ ಕ್ರಿಸ್‌ಮಸ್ ವಾರದ ಮೊದಲ ಸ್ಥಾನ ಪಡೆಯಿತು.

‘ರಾಸ್ಪುಟಿನ್’ ಹಾಡನ್ನು ರಷ್ಯಾದಲ್ಲಿ ಹಾಡಲು ಬಿಡಲಿಲ್ಲವೇ?

1978ರ ಡಿಸೆಂಬರ್‌ನಲ್ಲಿ ಬೋನಿ ಎಂ. ಮಾಸ್ಕೋದಲ್ಲಿ ಕಾರ್ಯಕ್ರಮ ನೀಡಿತು. ಶೀತಲ ಸಮರದ ಆ ಕಾಲದಲ್ಲಿ ಪಶ್ಚಿಮದ ಡಿಸ್ಕೋ ತಂಡವೊಂದಕ್ಕೆ ಅದು ಸಣ್ಣ ಮಾತಲ್ಲ. ಆದರೆ ರಷ್ಯಾದ ಕೊನೆಯ ಝಾರ್ ದೊರೆಯ ಕುಟುಂಬಕ್ಕೆ ಆಪ್ತನಾಗಿದ್ದ ಸಾಧುವಿನ ಕುರಿತಾದ ‘ರಾಸ್ಪುಟಿನ್’ ಹಾಡನ್ನು ಅಲ್ಲಿ ಹಾಡಲಿಲ್ಲ. ಹಾಡು ಆ ದೇಶದಲ್ಲಿ ಕೇಳುಗರಿಗೆ ಮಾತ್ರ ತಲುಪಿಯೇ ತಲುಪಿತು.

ಇದಕ್ಕೊಂದು ದುಃಖದ ಬಾಲವಿದೆ. ಬಾಬಿ ಫಾರೆಲ್ 2010ರ ಡಿಸೆಂಬರ್ 30ರಂದು ಸೇಂಟ್ ಪೀಟರ್ಸ್‌ಬರ್ಗ್‌ನ ಹೋಟೆಲ್ ಕೋಣೆಯಲ್ಲಿ, ಕಾರ್ಯಕ್ರಮ ಮುಗಿಸಿ ಮಲಗಿದವರು, ಸತ್ತಿದ್ದರು. ರಾಸ್ಪುಟಿನ್ ಕೊಲೆಯಾದದ್ದೂ ಅದೇ ನಗರದಲ್ಲಿ, 1916ರ ಡಿಸೆಂಬರ್ 30ರಂದು.

ಬೋನಿ ಎಂ. ನಂತರ?

1981ರಲ್ಲಿ ಬಾಬಿ ತಂಡದಿಂದ ಹೊರಬಿದ್ದರು, ರೆಜಿ ಸಿಬೋ ಬಂದರು, ಮತ್ತೆ ಬಾಬಿ ಮರಳಿದರು. 1986ರ ಹೊತ್ತಿಗೆ ಮುಗಿಯಿತು. ಆಮೇಲೆ ಒಬ್ಬೊಬ್ಬ ಸದಸ್ಯರೂ ತಮ್ಮ ತಮ್ಮ ‘ಬೋನಿ ಎಂ.’ ಕಟ್ಟಿಕೊಂಡು ತಿರುಗಿದರು. ಫಾರಿಯನ್ ಈ ನಡುವೆ ಫಾರ್ ಕಾರ್ಪೊರೇಷನ್ ಎಂಬ ತಂಡದಿಂದ 1985ರಲ್ಲಿ ‘ಸ್ಟೇರ್‌ವೇ ಟು ಹೆವನ್’ ಹಾಡಿಸಿದರು, 1986ರಲ್ಲಿ ಮೀಟ್ ಲೋಫ್ ಅವರ ಆಲ್ಬಮ್ ಒಂದನ್ನು ರೂಪಿಸಿದರು. ಇವು ನನ್ನನ್ನು ಅಷ್ಟಾಗಿ ಹಿಡಿದಿಲ್ಲ.

ಮಿಲಿ ವನಿಲಿ ಪ್ರಕರಣ ಏನು?

1987–88ರ ಸುಮಾರಿಗೆ ಅಮೆರಿಕದ ಬಾಲ್ಟಿಮೋರ್‌ನ ನ್ಯೂಮಾರ್ಕ್ಸ್ ತಂಡದ ‘ಗರ್ಲ್ ಯು ನೋ ಇಟ್ಸ್ ಟ್ರೂ’ ಹಾಡು ಫಾರಿಯನ್ ಕಿವಿಗೆ ಬಿತ್ತು. ಅದನ್ನು ತಮ್ಮ ಸ್ಟುಡಿಯೋದಲ್ಲಿ ಹೊಸದಾಗಿ ಕಟ್ಟಿದರು. ಹಾಡಿದವರು ಬ್ರಾಡ್ ಹಾವೆಲ್, ಜಾನ್ ಡೇವಿಸ್, ಚಾರ್ಲ್ಸ್ ಶಾ ಮುಂತಾದವರು. ಜರ್ಮನಿಯಲ್ಲಿ ನೆಲೆಸಿದ್ದ ಕಪ್ಪು ಅಮೆರಿಕನ್ನರು, ಪಳಗಿದ ಗಾಯಕರು. ಆದರೆ ಎಂಟಿವಿ ಕಾಲಕ್ಕೆ ಬೇಕಾದ ವಯಸ್ಸು, ಚಹರೆ ಅವರಿಗಿಲ್ಲವೆಂದು ಫಾರಿಯನ್ ಎಣಿಸಿದರು. ಮ್ಯೂನಿಕ್‌ನಲ್ಲಿ ಕುಣಿಯುತ್ತಿದ್ದ ಇಬ್ಬರು ಯುವಕರನ್ನು ಮಿಲಿ ವನಿಲಿ ಎಂಬ ಹೆಸರಿನಲ್ಲಿ ಮುಂದೆ ನಿಲ್ಲಿಸಿದರು: ಜರ್ಮನಿಯ ರಾಬ್ ಪಿಲಾಟಸ್, ಫ್ರಾನ್ಸಿನ ಫ್ಯಾಬ್ ಮೋರ್ವನ್. ಇಬ್ಬರೂ ಬಡತನದಲ್ಲಿದ್ದವರು. ಮುಂಗಡ ಹಣ ಪಡೆದು ಸಹಿ ಹಾಕಿದ್ದೆವು, ಹೊರಬರಬೇಕೆಂದರೆ ಅದನ್ನು ಹಿಂದಿರುಗಿಸಬೇಕಿತ್ತು, ನಮ್ಮ ಬಳಿ ಹಣವಿರಲಿಲ್ಲ ಎಂದು ಅವರು ಆಮೇಲೆ ಹೇಳಿಕೊಂಡರು.

ಅಮೆರಿಕದಲ್ಲಿ 1989ರಲ್ಲಿ ಆಲ್ಬಮ್ ಬಿಡುಗಡೆಯಾಯಿತು. ಮೂರು ಹಾಡುಗಳು ಮೊದಲ ಸ್ಥಾನಕ್ಕೇರಿದವು. ಅದೇ ವರ್ಷದ ಜುಲೈನಲ್ಲಿ ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್‌ನಲ್ಲಿ ಕಾರ್ಯಕ್ರಮ ನಡೆಯುತ್ತಿದ್ದಾಗ ಹಿನ್ನೆಲೆಯ ಧ್ವನಿಮುದ್ರಣ ಸಿಕ್ಕಿಹಾಕಿಕೊಂಡು ಒಂದೇ ತುಣುಕನ್ನು ಮತ್ತೆ ಮತ್ತೆ ಹೇಳತೊಡಗಿತು. ರಾಬ್ ದಿಕ್ಕು ತೋಚದೆ ವೇದಿಕೆ ಬಿಟ್ಟು ಓಡಿದರು. 1990ರ ಫೆಬ್ರವರಿಯಲ್ಲಿ ಅತ್ಯುತ್ತಮ ಹೊಸ ಕಲಾವಿದರೆಂದು ಗ್ರ್ಯಾಮಿ ಪ್ರಶಸ್ತಿ ಬಂತು. ಮುಂದಿನ ಆಲ್ಬಮ್‌ನಲ್ಲಿ ನಾವೇ ಹಾಡುತ್ತೇವೆ ಎಂದು ಇಬ್ಬರೂ ಪಟ್ಟು ಹಿಡಿದರು. ಫಾರಿಯನ್ ಒಪ್ಪಲಿಲ್ಲ. 1990ರ ನವೆಂಬರ್‌ನಲ್ಲಿ ಫಾರಿಯನ್ ಅವರೇ ಪತ್ರಿಕೆಗಳ ಮುಂದೆ ಸತ್ಯ ಹೇಳಿಬಿಟ್ಟರು. ಕೆಲವೇ ದಿನಗಳಲ್ಲಿ ಗ್ರ್ಯಾಮಿಯನ್ನು ಹಿಂದಕ್ಕೆ ಪಡೆಯಲಾಯಿತು. ಅಮೆರಿಕದಲ್ಲಿ ಮೊಕದ್ದಮೆಗಳು ನಡೆದು, ಕೊಂಡವರಿಗೆ ಹಣದ ಒಂದು ಭಾಗ ಹಿಂದಿರುಗಿಸುವ ಏರ್ಪಾಡೂ ಆಯಿತು.

ನಮ್ಮ ಸಿನಿಮಾಗಳ ಹಿನ್ನೆಲೆ ಗಾಯನವೂ ಹೀಗೆಯೇ ಅಲ್ಲವೇ? ಅದರಲ್ಲಿ ತಪ್ಪೇನು?

ಕನ್ನಡದವರು ಯಾವಾಗಲೂ ಕೇಳುವ ಪ್ರಶ್ನೆ ಇದು, ಮತ್ತು ಸರಿಯಾದ ಪ್ರಶ್ನೆ. ರಾಜ್‌ಕುಮಾರ್ ತುಟಿ ಆಡಿಸಿದ ಎಷ್ಟೋ ಹಾಡುಗಳಿಗೆ ಪಿ. ಬಿ. ಶ್ರೀನಿವಾಸ್ ದನಿಯಾದರು. ಯಾರೂ ಮೋಸ ಹೋದೆವೆಂದು ಅನ್ನಲಿಲ್ಲ. ಏಕೆಂದರೆ ರೆಕಾರ್ಡಿನ ಮೇಲೆ ಶ್ರೀನಿವಾಸ್ ಹೆಸರಿರುತ್ತಿತ್ತು, ರೇಡಿಯೋದಲ್ಲಿ ಹಾಡಿಗೆ ಮೊದಲು ಹಾಡಿದವರ ಹೆಸರು ಹೇಳುತ್ತಿದ್ದರು. ಅವರಿಗೂ ಅಭಿಮಾನಿಗಳಿದ್ದರು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ‘ಯಾರೇ ಕೂಗಾಡಲಿ’ ಹಾಡನ್ನು ರಾಜ್‌ಕುಮಾರ್ ಅವರೇ ಹಾಡಿದಾಗ ಅದು ದೊಡ್ಡ ಸಂಗತಿಯಾದದ್ದು, ಅದುವರೆಗೆ ಯಾರು ಹಾಡುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿದ್ದರಿಂದಲೇ.

ಮುಖ ಒಬ್ಬರದು, ಧ್ವನಿ ಇನ್ನೊಬ್ಬರದು ಆಗುವುದರಲ್ಲಿ ನನಗೆ ದೋಷ ಕಾಣುವುದಿಲ್ಲ. ಜಾನ್ ಡೇವಿಸ್, ಬ್ರಾಡ್ ಹಾವೆಲ್ ಹೆಸರನ್ನು ಮುಖ್ಯ ಗಾಯಕರೆಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ, ಕುಣಿದವರನ್ನು ಕುಣಿದವರೆಂದೇ ಕರೆದಿದ್ದರೆ ಅದೇ ಹಾಡುಗಳನ್ನು ನಾವು ಇಂದು ತಲೆ ತಗ್ಗಿಸದೆ ಕೇಳಬಹುದಿತ್ತು. ಫಾರಿಯನ್ ಅವರಿಗೆ ಹಾಡಿನ ಒಂದೊಂದು ಸದ್ದೂ ಸರಿಯಿರಬೇಕಿತ್ತು. ಹೊದಿಕೆಯ ಮೇಲಿನ ಹೆಸರು ಸರಿಯಿರಬೇಕೆಂದು ಅವರಿಗೆ ಅನ್ನಿಸಲಿಲ್ಲ. ಹಲವರ ಬದುಕು ಇದರಿಂದ ಕೆಟ್ಟಿತು: ಹೆಸರು ಬಾರದ ಗಾಯಕರದು, ಹೆಸರು ಕೆಟ್ಟ ಇಬ್ಬರು ಹುಡುಗರದು.

ರಾಬ್ ಮತ್ತು ಫ್ಯಾಬ್ ಏನಾದರು?

ಗುಟ್ಟು ಹೊರಬಿದ್ದ ಮೇಲೆ ಲಾಸ್ ಏಂಜಲೀಸ್‌ನಲ್ಲಿ ಪತ್ರಕರ್ತರನ್ನು ಕರೆದು, ಅವರೆದುರೇ ಹಾಡಿ ತೋರಿಸಿದರು. ಆ ದೃಶ್ಯ ಇಂದಿಗೂ ನೋಡಲು ಸಿಗುತ್ತದೆ. ಕ್ಯಾಮೆರಾಗಳ ಸಾಲಿನ ಮುಂದೆ ವಾದ್ಯಗಳ ಬೆಂಬಲವಿಲ್ಲದೆ, ನಮಗೂ ಕಂಠವಿದೆ ಎಂದು ತೋರಿಸಲು ಹೆಣಗುವ ಇಬ್ಬರು. ನನಗೆ ಪೂರ್ತಿ ನೋಡಲಾಗಲಿಲ್ಲ. ನಗೆಪಾಟಲಾದವರು ಅವರಿಬ್ಬರೇ. ಏರ್ಪಾಡು ಮಾಡಿದವರು ಸ್ಟುಡಿಯೋಗೆ ಮರಳಿ ಕೆಲಸ ಮುಂದುವರಿಸಿದರು. ನಂತರ ಇಬ್ಬರೂ ತಮ್ಮದೇ ಧ್ವನಿಯಲ್ಲಿ ಆಲ್ಬಮ್ ತಂದರು, ಮಾರಾಟವಾಗಲಿಲ್ಲ. 1990ರ ದಶಕದ ಕೊನೆಗೆ ಫಾರಿಯನ್ ಅವರೇ ಇಬ್ಬರ ನಿಜವಾದ ಧ್ವನಿಯಲ್ಲಿ ಹೊಸ ಆಲ್ಬಮ್ ಸಿದ್ಧಪಡಿಸಿದರು. ಅದರ ಪ್ರಚಾರ ಶುರುವಾಗುವ ಹೊತ್ತಿಗೆ, 1998ರ ಏಪ್ರಿಲ್‌ನಲ್ಲಿ, ರಾಬ್ ಫ್ರಾಂಕ್‌ಫರ್ಟ್ ಬಳಿಯ ಹೋಟೆಲಿನಲ್ಲಿ ಸತ್ತರು. ಆ ಆಲ್ಬಮ್ ಹೊರಬರಲೇ ಇಲ್ಲ. ಫ್ಯಾಬ್ ಇಂದಿಗೂ ಹಾಡುತ್ತಾರೆ, ತಮ್ಮದೇ ಕಂಠದಲ್ಲಿ.

ಜಾನ್ ಡೇವಿಸ್ 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡರು.

1990ರ ದಶಕದಲ್ಲಿ ಅವರಿಗೆ ಮತ್ತೆ ಯಶಸ್ಸು ಸಿಕ್ಕಿತೇ?

ಸಿಕ್ಕಿತು. ಲಾ ಬೂಶ್ ತಂಡದ ‘ಬಿ ಮೈ ಲವರ್’ (1995) ಮತ್ತು ನೋ ಮರ್ಸಿ ತಂಡದ ‘ವೇರ್ ಡು ಯು ಗೋ’ (1996) ಯುರೋಪ್, ಅಮೆರಿಕ ಎರಡೂ ಕಡೆ ಗೆದ್ದವು. ಲಾ ಬೂಶ್‌ನ ಮೆಲನಿ ಥಾರ್ನ್‌ಟನ್ ನಿಜಕ್ಕೂ ಎದೆ ತುಂಬಿ ಹಾಡುವ ಗಾಯಕಿ. 2001ರ ನವೆಂಬರ್‌ನಲ್ಲಿ ಜೂರಿಕ್ ಬಳಿ ವಿಮಾನ ಅಪಘಾತದಲ್ಲಿ ಹೋದರು.

ಅವರ ಬಗ್ಗೆ ಸಿನಿಮಾ ಬಂದಿದೆಯೇ?

2023ರಲ್ಲಿ ಎರಡು ಬಂದವು. ಮಿಲಿ ವನಿಲಿ ಬಗ್ಗೆ ಲೂಕ್ ಕೋರೆಮ್ ಅವರ ಸಾಕ್ಷ್ಯಚಿತ್ರ, ಮತ್ತು ಸೈಮನ್ ವೆರ್‌ಹೂವೆನ್ ನಿರ್ದೇಶನದ ಜರ್ಮನ್ ಕಥಾಚಿತ್ರ. ಎರಡನೆಯದರಲ್ಲಿ ಫಾರಿಯನ್ ಪಾತ್ರ ಮಾಡಿದವರು ಮಥಿಯಾಸ್ ಶ್ವೈಗ್‌ಹೋಫರ್. ಬೋನಿ ಎಂ. ಹಾಡುಗಳನ್ನು ಹೆಣೆದು ‘ಡ್ಯಾಡಿ ಕೂಲ್’ ಎಂಬ ಸಂಗೀತ ನಾಟಕ 2006ರಲ್ಲಿ ಲಂಡನ್ನಿನಲ್ಲಿ ಆಡಿತ್ತು. 2021ರಲ್ಲಿ ‘ರಾಸ್ಪುಟಿನ್’ ಹೊಸ ಮಿಶ್ರಣದಲ್ಲಿ ಬಂದು ಮೊಬೈಲ್ ವಿಡಿಯೋಗಳಲ್ಲೆಲ್ಲ ಹರಡಿತು. ಹಾಡು ಹುಟ್ಟಿದಾಗ ತಮ್ಮ ತಂದೆತಾಯಿಯೂ ಹುಟ್ಟಿರದ ಮಕ್ಕಳು ಅದಕ್ಕೆ ಕುಣಿದರು.

ಫಾರಿಯನ್ ಅವರನ್ನು ತಿಳಿಯಲು ಯಾವುದರಿಂದ ಕೇಳಲು ಶುರು ಮಾಡಲಿ?

1978ರ ‘ನೈಟ್‌ಫ್ಲೈಟ್ ಟು ವೀನಸ್’ ಆಲ್ಬಮ್‌ನಿಂದ. ಮೊದಲ ಹಾಡು ನಿಲ್ಲದೆ ‘ರಾಸ್ಪುಟಿನ್’ ಒಳಕ್ಕೆ ಸರಿದುಹೋಗುತ್ತದೆ, ಆದ್ದರಿಂದ ಹಾಡುಗಳನ್ನು ಬಿಡಿಬಿಡಿಯಾಗಿ ಹಾಕಬೇಡಿ. ಅದಾದ ಮೇಲೆ ‘ಬೆಲ್‌ಫಾಸ್ಟ್’ ಕೇಳಿ, ಮಾರ್ಸಿಯಾ ಕಂಠಕ್ಕಾಗಿ. ಆಮೇಲೆ ‘ಬೇಬಿ ಡು ಯು ವಾನಾ ಬಂಪ್’. ಅದನ್ನು ರಾತ್ರಿ, ಸದ್ದಡಗಿದ ಮೇಲೆ ಕೇಳಿ. ಲಿಜ್ ಇನ್ನೂ ಬಂದಿಲ್ಲ, ಬಾಬಿ ಇನ್ನೂ ಬಂದಿಲ್ಲ. ಕೆಳಗಿನ ಧ್ವನಿಯಲ್ಲೂ ಮೇಲಿನ ಧ್ವನಿಯಲ್ಲೂ ಒಬ್ಬರೇ ಇದ್ದಾರೆ.